ಹಲಗೆಯ ಮೇಲಿನ ಅಕ್ಷರ, ಕಣ್ಣೊಳಗಿನ ಅಕ್ಷರ



ಕೊಂಕಣ ರೈಲಿನಲ್ಲಿ ಮಂಗಳೂರು ಕಡೆಯಿಂದ ಉಡುಪಿಗೆ ಹೋಗಿದ್ದೀರಾ? ಪಡುಬಿದ್ರಿ ದಾಟಿದ ಮೇಲೆ, ಉಡುಪಿ ಬರುವ ಮುಂಚೆ, ಒಂದು ಪುಟ್ಟ ನಿಲ್ದಾಣ ಸಿಗುತ್ತದೆ. ಹೆಸರು ಇನ್ನಂಜೆ. ದೂರದ ಗಾಡಿಗಳು ಹೆಚ್ಚಾಗಿ ಅಲ್ಲಿ ನಿಲ್ಲದೆ ಓಡುತ್ತವೆ. ಕಿಟಕಿ ಪಕ್ಕ ಕೂತವರಿಗೆ ಊರಿನ ಹಲಗೆ ಒಂದೇ ಒಂದು ಕ್ಷಣ ಕಂಡು ಮಾಯವಾಗುತ್ತದೆ. ಆ ಒಂದು ಕ್ಷಣ ಸಾಕು. ನೀವು ಹೆಸರು ಓದಿ ಮುಗಿಸಿರುತ್ತೀರಿ. ಓದಬೇಕು ಎಂದುಕೊಳ್ಳುವ ಮುಂಚೆಯೇ ಓದಿಯಾಗಿರುತ್ತದೆ!

ಅದೇನು ಸಣ್ಣ ಕೆಲಸವೇ? ಲೆಕ್ಕ ಹಾಕಿ ನೋಡಿ. 'ಇನ್ನಂಜೆ' ಎಂಬಲ್ಲಿ ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರಿನ ಲೆಕ್ಕದಲ್ಲಿ ಅದೇ ಹೆಸರು ಏಳು ಸಂಕೇತ: ಇ, ನ, ಸ್ವರ ತೆಗೆಯುವ ಚಿಹ್ನೆ, ಮತ್ತೊಂದು ನ, ಸೊನ್ನೆ, ಜ, ಎತ್ವ. ನಡುವಿನ ಅಕ್ಷರವೊಂದರಲ್ಲೇ ತಲೆಯ ಮೇಲೆ ತಲಕಟ್ಟು, ಕಾಲ ಬಳಿ ಒತ್ತು, ಪಕ್ಕದಲ್ಲಿ ಸೊನ್ನೆ. ಇಂಗ್ಲಿಷಿನಂತೆ ಒಂದರ ಪಕ್ಕ ಒಂದು ಸಾಲಾಗಿ ನಿಲ್ಲುವ ಅಕ್ಷರಗಳಲ್ಲ ನಮ್ಮವು. ಮೇಲೆ, ಕೆಳಗೆ, ಪಕ್ಕಕ್ಕೆ ಹಬ್ಬುವ ಬಳ್ಳಿ. ಓಡುವ ರೈಲಿನ ಕಿಟಕಿಯಿಂದ ಅದನ್ನು ಕಣ್ಣು ಬಿಡಿಸಿಕೊಳ್ಳುತ್ತದೆ.

ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಿರುವ ಸಂಶೋಧಕರು ನಮ್ಮ ಬೆಂಗಳೂರಿನಲ್ಲೇ ಇದ್ದಾರೆ. ಆದರೆ ನಮ್ಮ ಕಾಲೇಜು ಹುಡುಗರಲ್ಲಿ ಎಷ್ಟು ಜನರಿಗೆ ಅವರ ಕೆಲಸ ಗೊತ್ತು? ಸಿನಿಮಾ ನಟರ ಹುಟ್ಟುಹಬ್ಬದ ತಾರೀಖು ಗೊತ್ತು. ಕ್ರಿಕೆಟ್ ಆಟಗಾರನ ರನ್ನುಗಳು ಬಾಯಿಪಾಠ. ನಮ್ಮ ಕಣ್ಣು ಕನ್ನಡವನ್ನು ಹೇಗೆ ಓದುತ್ತದೆ ಎಂಬುದು ಮಾತ್ರ ಗೊತ್ತಿಲ್ಲ. ಈ ವಾರ ಅದನ್ನೇ ಮಾತಾಡೋಣ. ಇದು ಬರೀ ವಿಜ್ಞಾನದ ಪಾಠವಲ್ಲ. ಇದರಲ್ಲಿ ನಮ್ಮ ಲಿಪಿಯ ಅಳಿವು ಉಳಿವಿನ ಮಾತಿದೆ.

ಕಣ್ಣನ್ನು ಅಳೆಯುವ ವಿದ್ಯೆ

ಮೊದಲು ಒಂದು ಆಟ. ಈ ಸಾಲು ನೋಡಿ:

ದ ದ ದ ದ ದ ಇ ದ ದ ದ

ಬೇರೆಯದು ಯಾವುದು? ಹುಡುಕುವ ಅಗತ್ಯವೇ ಇಲ್ಲ, ತಾನೇ ಎದ್ದು ಕಾಣುತ್ತದೆ. ಈಗ ಇದನ್ನು ನೋಡಿ:

ದ ದ ದ ಧ ದ ದ ದ ದ ದ

ಸ್ವಲ್ಪ ತಡವಾಯಿತಲ್ಲವೇ? ಎರಡಕ್ಕೂ ಇರುವ ವ್ಯತ್ಯಾಸ ಹೊಟ್ಟೆಯ ಬಳಿಯ ಒಂದು ಸಣ್ಣ ಸೀಳು. ಆ ಸೀಳಿನಲ್ಲೇ 'ದನ' ಹೋಗಿ 'ಧನ' ಬರುತ್ತದೆ!

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರದಲ್ಲಿ ಪ್ರೊ. ಎಸ್.ಪಿ. ಅರುಣ್ ಎಂಬ ವಿಜ್ಞಾನಿ ಇದ್ದಾರೆ. ಅವರು ಮತ್ತು ಅವರ ವಿದ್ಯಾರ್ಥಿಗಳು ಮಾಡಿದ ಎಷ್ಟೋ ಪ್ರಯೋಗಗಳ ಬೀಜ ಈ ಆಟದಲ್ಲೇ ಇದೆ. ಪರದೆಯ ಮೇಲೆ ಒಂದೇ ಬಗೆಯ ಹಲವು ಆಕಾರಗಳನ್ನು ತೋರಿಸಿ, ನಡುವೆ ಬೇರೆಯದೊಂದನ್ನು ಇಡುವುದು. ನೋಡುವವನು ಅದನ್ನು ಹುಡುಕಲು ಎಷ್ಟು ಹೊತ್ತು ತೆಗೆದುಕೊಂಡ ಎಂದು ಅಳೆಯುವುದು. ತಡವಾದರೆ ಎರಡು ಆಕಾರಗಳೂ ಕಣ್ಣಿಗೆ ಹತ್ತಿರದವು. ಬೇಗ ಸಿಕ್ಕಿದರೆ ದೂರದವು. 2012ರಲ್ಲಿ ಅರುಣ್ ಒಂದು ಸರಳ ಆದರೆ ಜಾಣ ಸಂಗತಿ ತೋರಿಸಿದರು. ಹುಡುಕಲು ಹಿಡಿದ ಹೊತ್ತನ್ನು ತಲೆಕೆಳಗು ಮಾಡಿದರೆ, ಅಂದರೆ ಒಂದನ್ನು ಆ ಹೊತ್ತಿನಿಂದ ಭಾಗಿಸಿದರೆ, ಎರಡು ಆಕಾರಗಳ ನಡುವಿನ 'ದೂರ'ಕ್ಕೆ ಒಳ್ಳೆಯ ಅಳತೆಗೋಲು ಸಿಗುತ್ತದೆ. ಊರಿಂದ ಊರಿಗೆ ಕಿಲೋಮೀಟರ್ ಇದ್ದಂತೆ ಆಕಾರದಿಂದ ಆಕಾರಕ್ಕೂ ಒಂದು ಲೆಕ್ಕ! ಕಾಣುವುದನ್ನು ಅಳೆಯಲಾಗದು ಎನ್ನುತ್ತಿದ್ದವರಿಗೆ ಇದೇ ಉತ್ತರ.

ಇಂಥ ಕಣ್ಣು ಪ್ರಯೋಗಶಾಲೆಗೆ ಮಾತ್ರ ಸೇರಿದ್ದಲ್ಲ. ಇನ್ನಂಜೆಯ ಮಗ್ಗುಲಲ್ಲೇ ಶಂಕರಪುರ ಇದೆ, ಉಡುಪಿ ಮಲ್ಲಿಗೆಯ ತವರು. ಅಲ್ಲಿ ಬೆಳಿಗ್ಗೆ ಮೊಗ್ಗು ಬಿಡಿಸುವ ಅಕ್ಕಂದಿರನ್ನು ನೋಡಿ. ಯಾವ ಮೊಗ್ಗು ಇಂದು ಸಂಜೆ ಅರಳುತ್ತದೆ, ಯಾವುದು ಇನ್ನೂ ಎಳೆಯದು ಎಂದು ಅವರು ನಿಂತು ಯೋಚಿಸುವುದಿಲ್ಲ. ಕಣ್ಣು ಕಂಡಷ್ಟೇ ಬೇಗ ಕೈ ಹೋಗುತ್ತದೆ. ನಮಗೆ ಎಲ್ಲಾ ಮೊಗ್ಗೂ ಒಂದೇ. ಅವರಿಗೆ ಒಂದೊಂದೂ ಬೇರೆ. ಆ ಕಣ್ಣು ಹುಟ್ಟಿನಿಂದ ಬಂದದ್ದಲ್ಲ, ದಿನವೂ ಬಿಡಿಸಿ ಬಿಡಿಸಿ ಬಂದದ್ದು. ಈ ಮಾತನ್ನು ನೆನಪಿಡಿ. ಅಕ್ಷರದ ಕಥೆಯೂ ಇದೇ.

ಓದು ಕಣ್ಣನ್ನೇ ಬದಲಿಸುತ್ತದೆ

2019ರಲ್ಲಿ ಆಕಾಶ್ ಅಗ್ರವಾಲ್, ಕೆ.ವಿ.ಎಸ್. ಹರಿ ಮತ್ತು ಅರುಣ್ ಸೇರಿ ಒಂದು ಸಂಶೋಧನೆ ಪ್ರಕಟಿಸಿದರು. ಆರಿಸಿಕೊಂಡದ್ದು ಎರಡು ಗುಂಪು. ಒಂದು ಗುಂಪು ತೆಲುಗು ಓದಬಲ್ಲದು, ಮಲಯಾಳಂ ಓದಲಾರದು. ಇನ್ನೊಂದು ಮಲಯಾಳಂ ಓದಬಲ್ಲದು, ತೆಲುಗು ಓದಲಾರದು. ಎರಡು ಗುಂಪಿಗೂ ಎರಡೂ ಲಿಪಿಗಳ ಅಕ್ಷರ ತೋರಿಸಿ ಬೇರೆಯದನ್ನು ಹುಡುಕಿಸಿದರು. ತೆಲುಗು ಬಲ್ಲವನಿಗೆ ತೆಲುಗು ಅಕ್ಷರಗಳ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ, ಮಲಯಾಳಂ ಬಲ್ಲವನಿಗೆ ಮಲಯಾಳಂ. ಇಷ್ಟನ್ನು ಯಾರಾದರೂ ಊಹಿಸಬಹುದು.

ಊಹಿಸಲಾಗದ್ದು ಮುಂದಿದೆ. ಎರಡೆರಡು ಅಕ್ಷರಗಳನ್ನು ಜೋಡಿಸಿ ತೋರಿಸಿದಾಗ, ಲಿಪಿ ಬಾರದವನ ಕಣ್ಣಿಗೆ ಅವು ಒಂದಕ್ಕೊಂದು ಅಂಟಿಕೊಂಡ ಚಿತ್ರದಂತೆ. ಒಂದರ ನೆರಳು ಇನ್ನೊಂದರ ಮೇಲೆ ಬೀಳುತ್ತದೆ. ಲಿಪಿ ಬಲ್ಲವನ ಕಣ್ಣಿನಲ್ಲಿ ಆ ಅಂಟು ಕಡಿಮೆ. ಪ್ರತಿ ಅಕ್ಷರ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ಓದು ಕಲಿತರೆ ಇಡೀ ಪದವೇ ಒಂದು ಅಚ್ಚಾಗಿ ತಲೆಯಲ್ಲಿ ಕೂರುತ್ತದೆಯೋ, ಇಲ್ಲ ಅಕ್ಷರ ಅಕ್ಷರವೂ ಸ್ಪಷ್ಟವಾಗುತ್ತದೆಯೋ ಎಂಬುದು ಪ್ರಶ್ನೆಯಾಗಿತ್ತು. ಉತ್ತರ ಎರಡನೆಯದರ ಕಡೆಗೆ ಬಂತು. ಅಷ್ಟೇ ಅಲ್ಲ. ಈ ಅಂಟು ಎಷ್ಟಿದೆ ಎಂದು ಅಳೆದರೆ ಆ ವ್ಯಕ್ತಿ ಎಷ್ಟು ಸರಾಗವಾಗಿ ಓದಬಲ್ಲ ಎಂಬುದನ್ನು ಅಂದಾಜು ಮಾಡಬಹುದಿತ್ತು! ಮಿದುಳಿನ ಸ್ಕ್ಯಾನ್ ಮಾಡಿದಾಗಲೂ, ಆಕಾರಗಳನ್ನು ಗುರುತಿಸುವ ಭಾಗದಲ್ಲೇ ಈ ಬದಲಾವಣೆ ಕಂಡಿತು.

ಅಂದರೆ ಓದು ಎನ್ನುವುದು ನೆನಪಿನ ಕೆಲಸ ಮಾತ್ರವಲ್ಲ. ಅದು ನೋಟವನ್ನೇ ತಿದ್ದುತ್ತದೆ. ಕನ್ನಡ ಓದುವವನು ಕನ್ನಡ ಹಲಗೆಯನ್ನು ನೋಡುವುದೂ, ಓದದವನು ಅದೇ ಹಲಗೆಯನ್ನು ನೋಡುವುದೂ ಒಂದೇ ನೋಟವಲ್ಲ.

ಮರುವರ್ಷ, 2020ರಲ್ಲಿ, ಇದೇ ಮೂವರು ಇನ್ನೊಂದು ಗಂಟು ಬಿಡಿಸಿದರು. ಅಕ್ಷರ ಅದಲುಬದಲಾದ ಪದವನ್ನು ನಾವು ಹೇಗೆ ಓದುತ್ತೇವೆ? ಅವರ ಪ್ರಯೋಗ ಇಂಗ್ಲಿಷ್ ಪದಗಳ ಮೇಲಾದರೂ ಉದಾಹರಣೆ ನಮ್ಮಲ್ಲೇ ಬೇಕಾದಷ್ಟಿದೆ. 'ಕನಾರ್ಟಕ' ಎಂದು ಬರೆದ ಬೋರ್ಡು, ಕರಪತ್ರ, ಬ್ಯಾನರು ನೀವೂ ನೋಡಿದ್ದೀರಿ. ಅರ್ಕಾವತ್ತು ಒಂದು ಮನೆ ಆಚೆ ಕೂತಿದೆ. ಎಷ್ಟೋ ಜನರಿಗೆ ಅದು ತಪ್ಪು ಎಂದು ಗೊತ್ತೇ ಆಗುವುದಿಲ್ಲ! 'ಕರ್ನಾಟಕ' ಎಂದೇ ಓದಿ ಮುಂದೆ ಹೋಗುತ್ತಾರೆ. ಕಣ್ಣು ಪ್ರತಿ ಅಕ್ಷರಕ್ಕೂ ಅದರ ಸ್ಥಾನಕ್ಕೆ ತಕ್ಕ ತೂಕ ಕೊಟ್ಟು ಕೂಡಿಸುತ್ತದೆ, ಒಟ್ಟು ಮೊತ್ತ ಹತ್ತಿರ ಬಂದರೆ ಪದ ಹೊಳೆಯುತ್ತದೆ ಎಂಬುದು ಆ ಸಂಶೋಧನೆಯ ತಿರುಳು.

ಈ ಪ್ರಯೋಗಗಳು ಕನ್ನಡದ ಮೇಲೆ ನಡೆದವಲ್ಲ, ನಿಜ. ಆದರೆ ತೆಲುಗು ಲಿಪಿ ನಮ್ಮ ಲಿಪಿಯ ಒಡಹುಟ್ಟು. ಒತ್ತು, ಕೊಂಬು, ಸೊನ್ನೆ ಎಲ್ಲಾ ಒಂದೇ ಮನೆಯ ಮಕ್ಕಳು. ಅಲ್ಲಿ ಕಂಡದ್ದು ಇಲ್ಲಿಯೂ ನಡೆಯುತ್ತದೆ ಎಂದು ನಂಬಲು ಕಾರಣವಿದೆ. ಕನ್ನಡದ ಓದುಗರನ್ನೇ ಕೂರಿಸಿ ಮಾಡುವ ಪ್ರಯೋಗಗಳು ಬೇಕಲ್ಲವೇ? ಅದನ್ನು ಮಾಡುವವರು ಯಾರು? ನೀವೇ ಆಗಬಾರದೇಕೆ?

ಪಕ್ಕದ ಮನೆಯ ಪಾಠ

ಕಣ್ಣುಗಳು ಕೈಬಿಟ್ಟರೆ ಲಿಪಿಗೆ ಏನಾಗುತ್ತದೆ? ದೂರ ಹೋಗುವುದು ಬೇಡ. ಇನ್ನಂಜೆಗೇ ಬನ್ನಿ. ಅಲ್ಲಿ ಹೆಚ್ಚಿನ ಮನೆಗಳ ಮಾತು ತುಳು. ತುಳುವಿಗೆ ತನ್ನದೇ ಲಿಪಿ ಇತ್ತು. ಉಡುಪಿ ಸೀಮೆಯ ಮಠಗಳಲ್ಲಿ, ಹಳೆಯ ಮನೆಗಳಲ್ಲಿ ಆ ಲಿಪಿಯ ತಾಳೆಗರಿ ಕಟ್ಟುಗಳು ಇಂದಿಗೂ ಇವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕರಾವಳಿಗೆ ಅಚ್ಚುಮೊಳೆ ಬಂತು. ಮಂಗಳೂರಿನಲ್ಲಿ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಬಂತು. ಕನ್ನಡ ಪತ್ರಿಕೋದ್ಯಮದ ಹುಟ್ಟು ಅದು, ನಮಗೆ ಹೆಮ್ಮೆ. ಆದರೆ ಬಾಸೆಲ್ ಮಿಶನ್ನಿನವರು ತುಳು ಪುಸ್ತಕಗಳನ್ನೂ ಕನ್ನಡದ ಅಚ್ಚಿನಲ್ಲೇ ಮುದ್ರಿಸಿದರು. ತುಳು ಲಿಪಿಗೆ ಅಚ್ಚುಮೊಳೆಯ ಭಾಗ್ಯ ಸಿಗಲಿಲ್ಲ. ಶಾಲೆಯಲ್ಲಿ ಇಲ್ಲ, ಪುಸ್ತಕದಲ್ಲಿ ಇಲ್ಲ, ಅಂಗಡಿಯ ಹಲಗೆಯಲ್ಲಿ ಇಲ್ಲ. ಕೆಲವೇ ತಲೆಮಾರುಗಳಲ್ಲಿ ಅದನ್ನು ಓದಬಲ್ಲ ಕಣ್ಣುಗಳು ಬೆರಳೆಣಿಕೆಗೆ ಇಳಿದವು.

ಯಾರೂ ಆ ಲಿಪಿಯನ್ನು ನಿಷೇಧಿಸಲಿಲ್ಲ. ಯಾರೂ ಗರಿಗಳಿಗೆ ಬೆಂಕಿ ಹಚ್ಚಬೇಕಾಗಲಿಲ್ಲ. ಕಣ್ಣುಗಳಿಗೆ ಅದು ದಿನವೂ ಕಾಣದೆ ಹೋಯಿತು, ಅಷ್ಟೇ. ಭಾಷೆ ಬಾಯಲ್ಲಿ ಬದುಕಿತು, ಲಿಪಿ ಕಣ್ಣಿನಿಂದ ಜಾರಿತು. ಇಂದು ತುಳುನಾಡಿನ ಹುಡುಗ ಹುಡುಗಿಯರು ಆ ಲಿಪಿಯನ್ನು ಮತ್ತೆ ಅ-ಆ ಎಂದು ಕಲಿಯುತ್ತಿದ್ದಾರೆ. 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡಿನ 16ನೇ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ ಜಾಗ ಸಿಕ್ಕಿತು. ಅವರ ಛಲಕ್ಕೆ ನಮ್ಮ ನಮಸ್ಕಾರ. ಆದರೆ ಕಳೆದುಕೊಂಡು ಮತ್ತೆ ಗಳಿಸುವ ಆ ಕಷ್ಟ ಎಷ್ಟು ದೊಡ್ಡದು ಎಂದು ಅವರನ್ನೇ ಕೇಳಿ ತಿಳಿಯಿರಿ.

ಕನ್ನಡಕ್ಕೆ ಆ ಗತಿ ಬರುವುದೇ? ಕೋಟಿಗಟ್ಟಲೆ ಜನ ಆಡುವ ಭಾಷೆ, ಭಯವೇಕೆ ಎನ್ನುತ್ತೀರಿ. ಸರಿ. ನಿಮ್ಮ ಮೊಬೈಲನ್ನು ಒಮ್ಮೆ ತೆಗೆಯಿರಿ. ನಿನ್ನೆ ಗೆಳೆಯನಿಗೆ ಕನ್ನಡದಲ್ಲೇ ಮಾತಾಡಿದಿರಿ. ಆದರೆ ಟೈಪಿಸಿದ್ದು ಯಾವ ಲಿಪಿಯಲ್ಲಿ? ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ಬಾಯಿ ಕನ್ನಡದ್ದು, ಕಣ್ಣು ಪರರದ್ದು. ತುಳು ಲಿಪಿಗೆ ಅಚ್ಚಿನ ಯಂತ್ರ ಬಂದಾಗ ಆದದ್ದು ಕನ್ನಡ ಲಿಪಿಗೆ ಮೊಬೈಲ್ ಬಂದಾಗ ಆಗಬೇಕೇ?

ಯಂತ್ರಕ್ಕೂ ಕಣ್ಣು ಬಂದಿದೆ

ಈಗ ಕಥೆಯ ಇನ್ನೊಂದು ಮಗ್ಗುಲು. ಇಂದು ನೋಡುವುದು ಮನುಷ್ಯರು ಮಾತ್ರವಲ್ಲ. ಯಂತ್ರವೂ ನೋಡುತ್ತದೆ. ಇದಕ್ಕೆ ಕಂಪ್ಯೂಟರ್ ವಿಷನ್ ಎನ್ನುತ್ತಾರೆ. ಮೊಬೈಲಿನ ಕ್ಯಾಮೆರಾ ಹಿಡಿದರೆ ಹಲಗೆಯನ್ನು ಓದಿ ಹೇಳುವ ಸೌಲಭ್ಯ ಬಂದಾಗಿದೆ. ಮುದ್ರಿತ ಪುಟದ ಚಿತ್ರ ಕೊಟ್ಟರೆ ಅದನ್ನು ಅಕ್ಷರವಾಗಿಸುವ ತಂತ್ರಾಂಶಕ್ಕೆ ಓಸಿಆರ್ ಎಂದು ಹೆಸರು.

ಇದು ಯಾಕೆ ಮುಖ್ಯ? ಒಂದು ಉದಾಹರಣೆ ಸಾಕು. ನಿಮ್ಮ ಅಜ್ಜನ ಜಮೀನಿನ ಕಾಗದ ತಾಲೂಕು ಕಚೇರಿಯ ಹಳೆಯ ಕಡತದಲ್ಲಿ ಕನ್ನಡದ ಕೈಬರಹದಲ್ಲಿದೆ. ಅದನ್ನು ಸ್ಕ್ಯಾನ್ ಮಾಡಿದರೆ ಸಿಗುವುದು ಬರೀ ಫೋಟೋ. ಅಜ್ಜನ ಹೆಸರು ಟೈಪಿಸಿ ಹುಡುಕಿದರೆ ಫೋಟೋ ಉತ್ತರ ಕೊಡುವುದಿಲ್ಲ. ಯಂತ್ರ ಆ ಕೈಬರಹ ಓದುವುದನ್ನು ಕಲಿತ ದಿನ ಮಾತ್ರ ಕಾಗದ ಬಾಯಿ ಬಿಡುತ್ತದೆ. ನಮ್ಮ ಹಳೆಯ ಪತ್ರಿಕೆಗಳು, ಗ್ರಂಥಾಲಯದ ಪುಸ್ತಕಗಳದ್ದೂ ಇದೇ ಪಾಡು. ಕಣ್ಣು ಕಾಣದ ವಿದ್ಯಾರ್ಥಿಗೆ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳಬೇಕಾದರೂ ಯಂತ್ರ ಮೊದಲು ಕನ್ನಡ ಓದಬೇಕು. ಯಂತ್ರಕ್ಕೆ ಕಾಣದ ಭಾಷೆ ನಾಳೆಯ ಕಚೇರಿಗಳಲ್ಲಿ ಮೂಗ ಭಾಷೆಯಾದೀತು.

ಕನ್ನಡವನ್ನು ಯಂತ್ರಕ್ಕೆ ಓದಿಸುವುದು ಸುಲಭವಲ್ಲ. ವರ್ಣಮಾಲೆಯಲ್ಲಿ 49 ಅಕ್ಷರ ನಿಜ. ಆದರೆ ಕಾಗುಣಿತ, ಒತ್ತು ಸೇರಿದರೆ ಆಕಾರಗಳು ನೂರಾರಾಗುತ್ತವೆ. 2009ರಲ್ಲಿ ಡಿ ಕ್ಯಾಂಪೋಸ್, ರಾಕೇಶ್ ಬಾಬು ಮತ್ತು ಮಾನಿಕ್ ವರ್ಮ ಎಂಬ ಸಂಶೋಧಕರು ಬೆಂಗಳೂರಿನ ಬೀದಿಗಳ ಬೋರ್ಡುಗಳ ಚಿತ್ರ ತೆಗೆದು, ಅದರಲ್ಲಿನ ಇಂಗ್ಲಿಷ್ ಮತ್ತು ಕನ್ನಡ ಅಕ್ಷರಗಳನ್ನು ಬಿಡಿಸಿ ಸಂಗ್ರಹ ಮಾಡಿದರು. ಇಂಗ್ಲಿಷಿಗೆ ಅಂಕಿ, ದೊಡ್ಡಕ್ಷರ, ಚಿಕ್ಕಕ್ಷರ ಎಲ್ಲಾ ಸೇರಿ 62 ಬಗೆ ಸಾಕಾಯಿತು. ಕನ್ನಡಕ್ಕೆ ಆರುನೂರಕ್ಕೂ ಹೆಚ್ಚು ಬಗೆ ಬೇಕಾಯಿತು!

ಈ ಬೆಟ್ಟವನ್ನು ಹತ್ತಿದವರು ನಮ್ಮಲ್ಲಿದ್ದಾರೆ. 2002ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ಅಶ್ವಿನ್ ಮತ್ತು ಪಿ.ಎಸ್. ಶಾಸ್ತ್ರಿ ಯಾವ ಅಚ್ಚಿನಲ್ಲಿದ್ದರೂ, ಯಾವ ಗಾತ್ರದಲ್ಲಿದ್ದರೂ ಮುದ್ರಿತ ಕನ್ನಡವನ್ನು ಓದುವ ವ್ಯವಸ್ಥೆಯೊಂದನ್ನು 'ಸಾಧನಾ' ಎಂಬ ವಿಜ್ಞಾನ ಪತ್ರಿಕೆಯಲ್ಲಿ ವಿವರಿಸಿದರು. ಅವರ ಜಾಣತನ ಎಲ್ಲಿತ್ತು ಗೊತ್ತೇ? ನೂರಾರು ಆಕಾರಗಳನ್ನು ಇಡಿಯಾಗಿ ಕಲಿಸುವ ಬದಲು ಅಕ್ಷರವನ್ನು ತುಂಡುಗಳಾಗಿ ಬಿಡಿಸಿದರು. ಮೂಲ ಅಕ್ಷರ ಬೇರೆ, ಗುಣಿತದ ಚಿಹ್ನೆ ಬೇರೆ, ಒತ್ತು ಬೇರೆ. ನಮ್ಮ ಲಿಪಿಯ ಕಟ್ಟಡವೇ ದಾರಿ ತೋರಿಸಿತು. ಬಲ್ಲವನ ಕಣ್ಣು ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸಿಕೊಳ್ಳುತ್ತದೆ ಎಂದು ಮೇಲೆ ಹೇಳಿದೆವಲ್ಲ, ಯಂತ್ರಕ್ಕೂ ಅದೇ ಬಗೆಯ ಮಂತ್ರ ಫಲಿಸಿತು!

ಅದೇ ಸಂಸ್ಥೆಯ ಎಚ್.ಆರ್. ಶಿವಕುಮಾರ್ ಮತ್ತು ಪ್ರೊ. ಎ.ಜಿ. ರಾಮಕೃಷ್ಣನ್ 'ಲಿಪಿ ಜ್ಞಾನಿ' ಎಂಬ ಓಸಿಆರ್ ಕಟ್ಟಿದರು. 1970ರಿಂದ 2002ರವರೆಗೆ ಪ್ರಕಟವಾದ 35ಕ್ಕೂ ಹೆಚ್ಚು ಪುಸ್ತಕಗಳ ಪುಟಗಳನ್ನು ಅದಕ್ಕೆ ಉಣಿಸಿದರು, ಹಳಗನ್ನಡವನ್ನೂ ಬಿಡದೆ. ಕನ್ನಡ ಲಿಪಿಯಲ್ಲಿ ಅಚ್ಚಾದ ತುಳು, ಕೊಂಕಣಿ, ಸಂಸ್ಕೃತ ಪುಟಗಳನ್ನೂ ಓದಿಸಿ ನೋಡಿದರು. ಗೂಗಲ್ಲಿನ ಟೆಸರಾಕ್ಟ್ ಎಂಬ ಹೆಸರಾಂತ ಓಸಿಆರ್ ಪಕ್ಕ ನಿಲ್ಲಿಸಿ ಅಳೆದಾಗ, ಪದಗಳನ್ನು ಸರಿಯಾಗಿ ಓದುವುದರಲ್ಲಿ ನಮ್ಮದು ಕನ್ನಡದಲ್ಲಿ ಶೇಕಡಾ 4, ತುಳು ಮತ್ತು ಸಂಸ್ಕೃತದಲ್ಲಿ 8, ಕೊಂಕಣಿಯಲ್ಲಿ 25ರಷ್ಟು ಮುಂದಿತ್ತು ಎಂದು ಅವರು ವರದಿ ಮಾಡಿದರು. ಗಮನಿಸಿ, ಇದಕ್ಕೆ ಅವರು ನಿಘಂಟಿನ ಊರುಗೋಲು ಬಳಸಲಿಲ್ಲ. ಅಕ್ಷರದ ಆಕಾರವನ್ನೇ ನಂಬಿದರು. ದೊಡ್ಡ ಕಂಪನಿಯ ಮುಂದೆ ನಾವೆಲ್ಲಿ ಎಂದು ಕೈಚೆಲ್ಲಿ ಕೂರುವವರಿಗೆ ಇದು ಕಪಾಳಕ್ಕೆ ಹೊಡೆದಂಥ ಉತ್ತರ. ನಮ್ಮ ಅಕ್ಷರವನ್ನು ಬಲ್ಲವರು ಮನಸ್ಸಿಟ್ಟು ಮಾಡಿದರೆ ಆಗುತ್ತದೆ!

ಯಂತ್ರ ಎಡವುವುದೆಲ್ಲಿ?

ಹಾಗೆಂದು ಯಂತ್ರದ ಕಣ್ಣು ನಮ್ಮ ಕಣ್ಣಿನಂತೆಯೇ ಎಂದು ಭ್ರಮಿಸಬೇಡಿ. 2021ರಲ್ಲಿ ಜಾರ್ಜಿನ್ ಜೇಕಬ್, ಆರ್.ಟಿ. ಪ್ರಮೋದ್, ಹರೀಶ್ ಕಟ್ಟಿ ಮತ್ತು ಅರುಣ್ ಒಂದು ದೊಡ್ಡ ಪರೀಕ್ಷೆಯ ಫಲ ಪ್ರಕಟಿಸಿದರು. ಲಕ್ಷಾಂತರ ಚಿತ್ರ ನೋಡಿ ಕಲಿತ ಯಂತ್ರಜಾಲಗಳು ಮನುಷ್ಯರಂತೆ ನೋಡುತ್ತವೆಯೇ?

ಕೆಲವು ಕಡೆ ಹೌದು. ಎರಡು ಮೊಳ ಮಲ್ಲಿಗೆಗೆ ಒಂದು ಗೇಣು ಸೇರಿಸಿದರೆ ನಮಗೆ ಕೂಡಲೇ ಕಾಣುತ್ತದೆ. ಇಪ್ಪತ್ತು ಮೊಳಕ್ಕೆ ಸೇರಿಸಿದರೆ ಕಾಣದು. ಯಂತ್ರವೂ ಅದೇ ನಿಯಮಕ್ಕೆ ಬೀಳುತ್ತದೆ. ಕನ್ನಡಿಯಲ್ಲಿ ಎಡಬಲವಾದ ಆಕಾರಗಳನ್ನು ನಾವು ಒಂದೇ ಎಂದು ಗೊಂದಲ ಮಾಡಿಕೊಳ್ಳುವಂತೆ ಅದೂ ಮಾಡಿಕೊಳ್ಳುತ್ತದೆ.

ಕೆಲವು ಕಡೆ ಇಲ್ಲ. ತೆಂಗಿನ ಮರದ ಹಿಂದೆ ಬಸ್ಸು ನಿಂತರೆ ನಮಗೆ ಕಾಣುವುದು ಒಂದೇ ಬಸ್ಸು, ಎರಡು ತುಂಡಲ್ಲ. ಮರೆಯಾದುದನ್ನು ಹೀಗೆ ತುಂಬಿಕೊಳ್ಳುವುದು ಆ ಯಂತ್ರಗಳಿಗೆ ನಮ್ಮಂತೆ ಬರಲಿಲ್ಲ. ಯಕ್ಷಗಾನದ ರಂಗಸ್ಥಳಕ್ಕೆ ದೂರದಲ್ಲಿ ವೇಷ ಬಂದರೆ ನಮಗೆ ಮೊದಲು ಇಡೀ ವೇಷದ ಆಕಾರ ಹೊಳೆಯುತ್ತದೆ, ಆಮೇಲೆ ಕಿರೀಟದ ಮಣಿ. ಈ 'ಮೊದಲು ಇಡಿ, ಆಮೇಲೆ ಬಿಡಿ' ಎಂಬ ಗುಣ ಅವುಗಳಲ್ಲಿ ಕಾಣಲಿಲ್ಲ.

ಇನ್ನೊಂದು ಪಾಠ ಅಂಕಿಗಳದ್ದು. 2019ರಲ್ಲಿ ವಿನಯ್ ಉದಯ್ ಪ್ರಭು ಕನ್ನಡ ಅಂಕಿಗಳ ಕೈಬರಹದ 70,000 ಚಿತ್ರಗಳ ಸಂಗ್ರಹವನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಬೆಂಗಳೂರಿನ ಸ್ವಯಂಸೇವಕರು ಬರೆದುಕೊಟ್ಟ ೦ರಿಂದ ೯ರವರೆಗಿನ ಅಂಕಿಗಳು. ಅದನ್ನು ಕಲಿತ ಯಂತ್ರ ಅಂಥದೇ ಬರಹವನ್ನು ನೂರಕ್ಕೆ ತೊಂಬತ್ತಕ್ಕೂ ಎಷ್ಟೋ ಹೆಚ್ಚು ಸಲ ಸರಿಯಾಗಿ ಓದಿತು. ಆಮೇಲೆ ಕನ್ನಡ ಬಾರದ ಜನರ ಕೈಯಲ್ಲಿ ಅದೇ ಅಂಕಿಗಳನ್ನು ಬರೆಸಿ ಓದಿಸಿದಾಗ ನಾಲ್ಕರಲ್ಲಿ ಸುಮಾರು ಮೂರು ಮಾತ್ರ ಸರಿಯಾಯಿತು. ಯಂತ್ರ ನೋಡಿದ್ದನ್ನು ಮಾತ್ರ ಬಲ್ಲದು. ಹೊಸ ಕೈ ಬಂದರೆ ಕಕ್ಕಾಬಿಕ್ಕಿ. ಹಾಗಾದರೆ ಬೀದರಿನ ಕೈ, ಚಾಮರಾಜನಗರದ ಕೈ, ಕಾಸರಗೋಡಿನ ಕೈ, ಅಜ್ಜನ ನಡುಗುವ ಕೈ, ಎಲ್ಲವನ್ನೂ ಅದಕ್ಕೆ ತೋರಿಸುವವರು ಯಾರು? ನಾವು ತೋರಿಸದಿದ್ದರೆ ಯಾರೂ ತೋರಿಸುವುದಿಲ್ಲ. ಇನ್ನೂ ನಾಚಿಕೆಯ ಪ್ರಶ್ನೆ ಕೇಳುತ್ತೇವೆ. ೬ ಯಾವುದು, ೭ ಯಾವುದು ಎಂದು ತಡವರಿಸದೆ ಹೇಳುವ ಕಾಲೇಜು ಹುಡುಗರು ನಿಮ್ಮ ತರಗತಿಯಲ್ಲಿ ಎಷ್ಟಿದ್ದಾರೆ?

ಈಗ ನಿಮ್ಮ ಸರದಿ

ಗೆಳೆಯರೇ, ಬೋರ್ಡಿಗಾಗಿ ನಾಡು ಹೋರಾಡಿದೆ. ಫಲವೂ ಸಿಕ್ಕಿದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಬಂದು, ನಾಮಫಲಕದ ಶೇಕಡಾ 60 ಭಾಗ ಕನ್ನಡದಲ್ಲಿರಬೇಕು ಎಂದಾಯಿತು. ಸಂತೋಷ. ಆದರೆ ಶೇಕಡಾ 60 ಎನ್ನುವುದು ಹಲಗೆಯ ಲೆಕ್ಕ. ಕಣ್ಣಿನ ಲೆಕ್ಕ ಯಾವ ಕಾಯ್ದೆಯಲ್ಲೂ ಇಲ್ಲ. ಅದನ್ನು ಪೊಲೀಸರು ಜಾರಿ ಮಾಡಲಾರರು. ನೀವೇ ಮಾಡಬೇಕು. ನವೆಂಬರ್ ಒಂದಕ್ಕೆ ಬಾವುಟ ಕಟ್ಟಿ ಎರಡಕ್ಕೆ ಮರೆಯುವ ಕನ್ನಡಿಗರಿಂದ ಇದು ಆಗದು.

ಒಂದು: ದಿನಕ್ಕೆ ಒಂದು ಪುಟವಾದರೂ ಕನ್ನಡ ಓದಿ. ಕಣ್ಣಿನ ಹರಿತ ಓದಿನಿಂದ ಬರುತ್ತದೆ ಎಂದು ಈಗ ಭಾಷಣಕಾರರಲ್ಲ, ಪ್ರಯೋಗಶಾಲೆ ಹೇಳುತ್ತಿದೆ.

ಎರಡು: ಮೊಬೈಲಿನಲ್ಲಿ ಕನ್ನಡ ಲಿಪಿಯಲ್ಲೇ ಬರೆಯಿರಿ. ಕಷ್ಟ ಎನ್ನಬೇಡಿ. ಮಂಗಳೂರು ಬಳಿಯ ಕಿನ್ನಿಕಂಬಳದಲ್ಲಿ ಹುಟ್ಟಿದ ಕೆ.ಪಿ. ರಾವ್ ಕನ್ನಡಕ್ಕೆ ಸುಲಭವಾದ ಕೀಲಿಮಣೆ ವಿನ್ಯಾಸ ಮಾಡಿ, 'ಸೇಡಿಯಾಪು' ಎಂಬ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಅಂಥವರ ದುಡಿಮೆಯ ಫಲ ನಿಮ್ಮ ಬೆರಳ ತುದಿಯಲ್ಲಿದೆ. ಬಳಸದೆ ಬಿಡುವುದು ಯಾವ ನ್ಯಾಯ?

ಮೂರು: ಬೋರ್ಡಿನಲ್ಲಿ ಕನ್ನಡ ಇದೆಯೇ ಎಂದು ಮಾತ್ರ ನೋಡಬೇಡಿ. ಸರಿಯಾದ ಕನ್ನಡ ಇದೆಯೇ ನೋಡಿ. ತಂತ್ರಾಂಶದ ಎಡವಟ್ಟಿನಿಂದ ಒತ್ತು ಬಿದ್ದುಹೋಗಿ 'ಇನ್‌ನಂಜೆ' ಎಂದಾದರೆ, ಅರ್ಕಾವತ್ತು ಜಾರಿ 'ಕನಾರ್ಟಕ' ಎಂದಾದರೆ, ಅಂಗಡಿಯವರಿಗೆ ನಯವಾಗಿ ಹೇಳಿ ತಿದ್ದಿಸಿ. ಆ ತಪ್ಪನ್ನು ನೋಡಿಯೇ ನಾಳೆಯ ಮಗುವೂ ಕಲಿಯುತ್ತದೆ, ನಾಳೆಯ ಯಂತ್ರವೂ ಕಲಿಯುತ್ತದೆ.

ನಾಲ್ಕು: ಎಂಜಿನಿಯರಿಂಗ್ ಓದುವವರೇ, ಮಣಿಪಾಲವಿರಲಿ, ಮೈಸೂರಿರಲಿ, ಹುಬ್ಬಳ್ಳಿಯಿರಲಿ, ನಿಮ್ಮ ಕೊನೆಯ ವರ್ಷದ ಪ್ರಾಜೆಕ್ಟಿಗೆ ಯಾರೋ ಮಾಡಿದ್ದನ್ನೇ ದುಡ್ಡು ಕೊಟ್ಟು ತರಬೇಡಿ. ನಿಮ್ಮೂರ ಕೈಬರಹ ಸಂಗ್ರಹಿಸಿ. ನಿಮ್ಮೂರ ಹಲಗೆಗಳ ಚಿತ್ರ ತೆಗೆಯಿರಿ. ಕನ್ನಡವನ್ನು ಯಂತ್ರಕ್ಕೆ ಓದಿಸಿ, ಮಾಡಿದ್ದನ್ನು ಎಲ್ಲರಿಗೂ ಮುಕ್ತವಾಗಿ ಕೊಡಿ. ಎಂಜಿನಿಯರಿಂಗ್ ಓದದವರಿಗೂ ಕೆಲಸವಿದೆ. ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆಯ ಪುಸ್ತಕಗಳ ಪುಟಗಳನ್ನು ಓದಿ ತಿದ್ದುವ ಕೈಗಳು ಬೇಕು.

ಐದು: ಸರ್ಕಾರವನ್ನು, ವಿಶ್ವವಿದ್ಯಾಲಯಗಳನ್ನು ಕೇಳಿ. ಜನರ ದುಡ್ಡಿನಲ್ಲಿ ಅಚ್ಚಾದ ಪುಸ್ತಕಗಳ ಪಠ್ಯವನ್ನು ಸಂಶೋಧಕರಿಗೆ ತೆರೆದಿಡಿ ಎಂದು ಕೇಳಿ. ಬೀಗ ಹಾಕಿದ ಕಪಾಟಿನಲ್ಲಿರುವ ಕನ್ನಡವನ್ನು ಯಾವ ಯಂತ್ರವೂ ಕಲಿಯಲಾರದು. ಇದು ಭಿಕ್ಷೆಯಲ್ಲ, ಹಕ್ಕು.

ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ವೀರಪಾಂಡ್ಯ ಗೊಮ್ಮಟನನ್ನು ನಿಲ್ಲಿಸಿದ. ಗೊಮ್ಮಟ ಇಂದಿಗೂ ಎಲ್ಲರಿಗೂ ಕಾಣುತ್ತಾನೆ, ನಾಡಿನ ಮೂಲೆ ಮೂಲೆಯಿಂದ ಜನ ಬಂದು ಕತ್ತೆತ್ತಿ ನೋಡುತ್ತಾರೆ. ಆದರೆ ಆ ಕಾಲದವರು ಕಲ್ಲಿನಲ್ಲಿ ಕೊರೆಸಿದ ಅಕ್ಷರಗಳ ಮುಂದೆ ನಿಂತು ಓದಬಲ್ಲವರು ಎಷ್ಟು ಜನ? ಕಲ್ಲು ಕರಗಿಲ್ಲ, ಅಕ್ಷರ ಅಳಿಸಿಲ್ಲ. ಓದುವ ಕಣ್ಣು ಕಡಿಮೆಯಾಗಿದೆ. ಕಲ್ಲಿನಲ್ಲಿ ಕೊರೆದ ಮಾತ್ರಕ್ಕೆ ಅಕ್ಷರ ಉಳಿಯುವುದಿಲ್ಲ. ಹಳದಿ ಹಲಗೆಯ ಮೇಲೆ ಬರೆದ ಮಾತ್ರಕ್ಕೂ ಉಳಿಯುವುದಿಲ್ಲ.

ಮುಂದಿನ ಸಲ ಆ ದಾರಿಯಲ್ಲಿ ಹೋದರೆ ಕಿಟಕಿ ಪಕ್ಕ ಕೂತುಕೊಳ್ಳಿ. ಪಡುಬಿದ್ರಿ ದಾಟಲಿ. ಹಲಗೆ ಬರಲಿ. ಆ ಒಂದು ಕ್ಷಣದಲ್ಲಿ ಇ, ನ್ನ, ಸೊನ್ನೆ, ಜೆ ಎಲ್ಲವೂ ನಿಮ್ಮ ಕಣ್ಣಿನಲ್ಲಿ ತಮ್ಮ ತಮ್ಮ ಜಾಗದಲ್ಲಿ ಕೂತಾಗ ನೆನಪು ಮಾಡಿಕೊಳ್ಳಿ. ಒಂದನೇ ತರಗತಿಯಲ್ಲಿ ಮೇಷ್ಟ್ರು ಸ್ಲೇಟಿನ ಮೇಲೆ ಕೈಹಿಡಿದು ತಿದ್ದಿಸಿದ ಫಲ ಅದು. ಮುಂದಿನ ತಲೆಮಾರಿನ ಹುಡುಗಿಯೊಬ್ಬಳು ಅದೇ ಕಿಟಕಿಯ ಪಕ್ಕ ಕೂತು, ಅದೇ ಹಲಗೆಯನ್ನು ಅಷ್ಟೇ ಬೇಗ ಓದಬೇಕು.

ಸಿರಿಗನ್ನಡಂ ಗೆಲ್ಗೆ!